ಉಪವಾಸದ ದಿನದ ಹೊಗೆ

1636, ಮೂರನೇ ತಿಂಗಳು, 2

ಇಂಗ್ಲೆಂಡಿನಲ್ಲಿ ಇದನ್ನು ಮೇ ಅನ್ನುತ್ತಿದ್ದೆವು. ಅದು ವಿಗ್ರಹ ಪೂಜಿಸುವವರು ಇಟ್ಟ ಹೆಸರು, ಸಮುದ್ರ ದಾಟಿ ಬಂದು ಕಟ್ಟಿದ ನಮ್ಮ ಹಾರ್ಬರಿ ಊರಿನಲ್ಲಿ ತಿಂಗಳಿಗೆ ಮಾರ್ಚಿನಿಂದ ಒಂದು, ಎರಡು ಎಂಬ ಎಣಿಕೆಯೇ ಸಾಕು ಎಂದು ಪಾದ್ರಿ ವಿಟ್ಲಾಕ್ ಹೇಳಿದ್ದಾರೆ. ಮನೆಯ ಯಜಮಾನನಾದವನು ದಿನಾ ಸಂಜೆ ತನ್ನ ಮೂರು ತಪ್ಪುಗಳನ್ನಾದರೂ ಬರೆದಿಡಬೇಕು ಎಂದೂ ಹೇಳಿದ್ದಾರೆ. ಹಾಗಾಗಿ ಈ ಪುಸ್ತಕ. ಪೀಪಾಯಿ ಕಟ್ಟುವ ನೆಹೆಮಿಯಾ ಕೂಟ್ ಎಂಬ ನಾನು ಇದನ್ನು ನನ್ನ ಕಣ್ಣಿಗೆ ಮಾತ್ರ ಬರೆಯುತ್ತಿದ್ದೇನೆ.

ಇಂದಿನ ತಪ್ಪುಗಳು. ಒಂದು, ಪ್ರಾರ್ಥನೆಯ ನಡುವೆ ಚೀಸ್ ನೆನಪಾಯಿತು. ಎರಡು, ಪೀಪಾಯಿಗೆ ಬಿಗಿಯುವ ಕಬ್ಬಿಣದ ಬಳೆ ಸಡಿಲವಾಗಿ ಕೂತದ್ದಕ್ಕೆ ಸುತ್ತಿಗೆಯನ್ನು ಬೈದೆ. ಮೂರು, ಸಭೆಯ ಹಿರಿಯರ ಬೆಂಚಿನಲ್ಲಿ ಖಾಲಿಯಿರುವ ಜಾಗ ನನಗೆ ಸಿಗಬಹುದೇ ಎಂದು ಯೋಚಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಯೋಚಿಸಿದೆ, ಅದನ್ನೂ ಇದರಲ್ಲೇ ಸೇರಿಸಿದ್ದೇನೆ.

ಮೊದಲ ತಿಂಗಳಲ್ಲಿ ಬರಬೇಕಿದ್ದ ಹಡಗು ಇನ್ನೂ ಬಂದಿಲ್ಲ. ಊರ ಉಗ್ರಾಣದಲ್ಲಿ ಮುಸುಕಿನ ಜೋಳ ತಳ ಕಾಣುತ್ತಿದೆ. ನಮ್ಮಲ್ಲಿ ಯಾರದೋ ಗುಟ್ಟಿನ ಪಾಪ ಹಡಗನ್ನು ತಡೆದಿದೆ, ಅದು ಹೊರಬರುವ ತನಕ ವಾರದ ಐದನೇ ದಿನ ಎಲ್ಲರೂ ಉಪವಾಸ ಇರಬೇಕು ಎಂದು ನಿನ್ನೆ ಸಭಾಮನೆಯಲ್ಲಿ ಪ್ರಾರ್ಥನೆಯ ಮೇಲೆ ತೀರ್ಮಾನವಾಯಿತು. ಆ ದಿನ ಒಲೆಗೆ ಬೂದಿ ಮುಚ್ಚಬೇಕು, ಸೂರ್ಯ ಮುಳುಗುವವರೆಗೆ ಯಾರ ಚಿಮಣಿಯಲ್ಲೂ ಹೊಗೆ ಕಾಣಬಾರದು. ಹಾಲೂಡಿಸುವ ತಾಯಂದಿರಿಗೆ ವಿನಾಯಿತಿ ಉಂಟು, ಆದರೆ ಗಂಡನಾದವನು ಎದ್ದು ನಿಂತು ಕೇಳಬೇಕು. ಇಬ್ಬರು ಕೇಳಿದರು. ಪಾದ್ರಿಗಳು ನನ್ನ ಕಡೆ ನೋಡಿದರು, ನಮ್ಮ ಮಗು ಹೋಪ್‌ಸ್ಟಿಲ್‌ಗೆ ಈಗ ಮೂರು ತಿಂಗಳು. "ನಮ್ಮನೆಗೆ ಬೇಡ" ಅಂದೆ. ಹೆಂಗಸರ ಸಾಲಿನಲ್ಲಿ ಡಮಾರಿಸ್ ನೆಲ ನೋಡುತ್ತಾ ಕೂತಿದ್ದಳು. ನನ್ನ ಹೆಂಡತಿ ಬಹಳ ವಿನಯವಂತೆ.

ಮೂರನೇ ತಿಂಗಳು, 5

ಮೊದಲ ಉಪವಾಸ. ಹೊಟ್ಟೆ ಮಧ್ಯಾಹ್ನದವರೆಗೆ ಗಲಾಟೆ ಮಾಡಿ ಆಮೇಲೆ ಸುಮ್ಮನಾಯಿತು.

ತಪ್ಪುಗಳು. ಒಂದು, ನೀರು ಕುಡಿಯುವಾಗ ಬೇಕೆಂದೇ ನಿಧಾನ ಮಾಡಿದೆ. ಎರಡು, ಸೂರ್ಯನನ್ನು ಪದೇ ಪದೇ ನೋಡಿದೆ. ಮೂರು, ನೆರೆಯವರ ಬಗ್ಗೆ ಕೆಟ್ಟದ್ದು ಯೋಚಿಸಿದೆ.

ಈ ಮೂರನೆಯದು ತಪ್ಪು ಹೌದೋ ಅಲ್ಲವೋ ತಿಳಿಯದು. ಮಧ್ಯಾಹ್ನ ಪಕ್ಕದ ಮನೆಯ ವಿಧವೆ ಜೋನ್ ಪ್ರೌಟ್‌ಳ ಚಿಮಣಿಯಲ್ಲಿ ಹೊಗೆ ಕಂಡೆ. ತೆಳ್ಳಗಿತ್ತು, ಆದರೆ ಹೊಗೆಯೇ. ಡಮಾರಿಸ್ ಆ ಹೊತ್ತಿಗೆ ಜರಡಿ ವಾಪಸ್ಸು ಕೊಡಲು ಮಗುವನ್ನೆತ್ತಿಕೊಂಡು ಅಲ್ಲಿಗೇ ಹೋಗಿದ್ದಳು. ಒಲೆಯಲ್ಲಿ ಬೆಂಕಿಯಿತ್ತೇ ಎಂದು ಕೇಳಿದೆ. "ಮಗು ಅಳ್ತಿತ್ತು, ನಾನು ನೋಡ್ಲಿಲ್ಲ" ಅಂದಳು. ಮುಂದೆ ಸಾಕ್ಷಿ ಬೇಕಾದೀತು ಎಂದು ಬರೆದಿಟ್ಟಿದ್ದೇನೆ.

ಮೂರನೇ ತಿಂಗಳು, 8. ಸಬ್ಬತ್

ವಾರದ ಮೊದಲ ದಿನದ ಆರಾಧನೆ ಮುಗಿಸಿ ಸಭಾಮನೆಯಿಂದ ಬರುವಾಗ ಜೋನಮ್ಮ ತನ್ನ ಬೇಲಿಯ ಬಳಿ ಆಡಿನ ಹಗ್ಗ ಬಿಡಿಸುತ್ತಿದ್ದಳು. ಇಂಗ್ಲೆಂಡಿನಿಂದ ಬರುವ ದಾರಿಯಲ್ಲಿ, ಹಡಗಿನಲ್ಲೇ ಗಂಡನನ್ನು ಕಳೆದುಕೊಂಡು ಸಮುದ್ರಕ್ಕೆ ಒಪ್ಪಿಸಿ ಬಂದವಳು. ಆ ದಿನವೂ ಅವಳ ನಾಲಿಗೆ ಸುಮ್ಮನಿರಲಿಲ್ಲವಂತೆ.

"ಏನಪ್ಪಾ ಕೂಟ್, ನನ್ನ ಚಿಮಣಿ ಮೇಲೆ ಹಕ್ಕಿ ಗೂಡು ಕಟ್ಟಿದ್ಯಾ? ಮೂರು ದಿನದಿಂದ ಕತ್ತೆತ್ಕೊಂಡೇ ಓಡಾಡ್ತಾ ಇದೀಯ."

"ಉಪವಾಸದ ದಿನ ಹೊಗೆ ಬಂತು, ಜೋನಮ್ಮ."

"ಬಂದಿರಬಹುದು. ಚಿಮಣಿ ಇರೋದೇ ಅದಕ್ಕಲ್ವಾ."

"ಒಲೆ ಮೇಲೆ ಏನಿತ್ತು?"

"ಪಾತ್ರೆ" ಅಂದಳು. ಆಡನ್ನು ಎಳೆದುಕೊಂಡು ಹೋದಳು.

ತಪ್ಪು ಮಾಡದವರು ನೇರವಾಗಿ ಉತ್ತರ ಕೊಡುತ್ತಾರೆ. ಇಪ್ಪತ್ತು ವರ್ಷದಿಂದ ಪೀಪಾಯಿ ಕಟ್ಟುತ್ತಿದ್ದೇನೆ. ಎಲ್ಲಿ ಜಿನುಗುತ್ತಿದೆ ಎಂದು ಹುಡುಕುವುದೇ ನನ್ನ ಕಸುಬು. ಹೊರಗೆ ಒದ್ದೆಯಾಗಿ ಕಾಣುವ ಜಾಗ ಬೇರೆ, ಒಳಗೆ ಬಿರುಕಿರುವ ಜಾಗ ಬೇರೆ.

ತಪ್ಪುಗಳು. ಒಂದು, ಮುದುಕಿಯ ಜೊತೆ ಮಾತಿನಲ್ಲಿ ಸೋತದ್ದಕ್ಕೆ ಸಿಟ್ಟು ಬಂತು. ಎರಡನೆಯದು ನೆನಪಾಗುತ್ತಿಲ್ಲ.

ಮೂರನೇ ತಿಂಗಳು, 12

ಎರಡನೇ ಉಪವಾಸ. ಮತ್ತೆ ಹೊಗೆ, ಮತ್ತೆ ಮಧ್ಯಾಹ್ನವೇ. ಸುಮಾರು ಅರ್ಧ ಗಂಟೆ ಇತ್ತು. ಮಗುವಿನ ಕಿವಿಯಲ್ಲಿ ಏನೋ ನೋವೆಂದು ಡಮಾರಿಸ್ ಅದನ್ನು ಜೋನಮ್ಮನಿಗೆ ತೋರಿಸಲು ಹೋಗಿದ್ದಳು. ಈ ಸಲವಾದರೂ ಒಲೆ ನೋಡಿದೆಯಾ ಎಂದರೆ, "ಕಿವಿ ನೋಡೋಕೆ ಹೋದೋಳು ಕಿವಿ ನೋಡಿದೆ" ಅಂದಳು. ಆ ಹೆಂಗಸಿನ ಸಹವಾಸದಿಂದ ಇವಳ ಮಾತೂ ಹಾಗೇ ಆಗುತ್ತಿದೆ.

ತಪ್ಪು: ಹೆಂಡತಿಗೆ ಗದರಿದೆ.

ಮೂರನೇ ತಿಂಗಳು, 14

ಕೆಲಸದ ಮಣೆಯನ್ನು ಬಾಗಿಲ ಪಕ್ಕದಿಂದ ಕಿಟಕಿಯ ಪಕ್ಕಕ್ಕೆ ಸರಿಸಿದೆ. ಅಲ್ಲಿ ಬೆಳಕು ಚೆನ್ನಾಗಿದೆ. ಜೋನಮ್ಮನ ಹಿತ್ತಿಲೂ ಕಾಣುತ್ತದೆ.

ಮೂರನೇ ತಿಂಗಳು, 19

ಮೂರನೇ ಉಪವಾಸ. ಮಳೆ ಹನಿಯುತ್ತಿತ್ತು, ಹೊಗೆ ಮೇಲೇರದೆ ನಮ್ಮ ಅಂಗಳಕ್ಕೇ ಇಳಿಯಿತು. ಬಟಾಣಿ ಗಂಜಿಯ ವಾಸನೆ. ಅದರಲ್ಲಿ ಆಡಿನ ಹಾಲೂ ಇತ್ತು ಎಂದು ಆಣೆ ಮಾಡಿ ಹೇಳಬಲ್ಲೆ. ಇಡೀ ಊರು ಹೊಟ್ಟೆಗೆ ಕಲ್ಲು ಕಟ್ಟಿಕೊಂಡು ಕೂತಿರುವಾಗ ಒಬ್ಬಳು ಗಂಜಿ ಕಾಯಿಸಿಕೊಂಡು ಕುಡಿಯುತ್ತಾಳೆ. ನನಗೆ ಕಣ್ಣಲ್ಲಿ ನೀರು ಬಂತು. ಅದು ಸಿಟ್ಟಿಗೇ ಬಂದದ್ದು.

ಡಮಾರಿಸ್ ಸೂಜಿ ತರಲು ಹೋಗಿದ್ದವಳು ಮಳೆ ನಿಲ್ಲುವ ತನಕ ಅಲ್ಲೇ ಇದ್ದಳು.

ಒಂದು ವಿಷಯಕ್ಕೆ ದೇವರಿಗೆ ಕೃತಜ್ಞತೆ ಹೇಳಬೇಕು. ಮಗುವಿನ ಕೆನ್ನೆ ತುಂಬಿಕೊಂಡಿದೆ. ಎರಡು ವರ್ಷದ ಹಿಂದೆ ಹನ್ನೆರಡನೇ ತಿಂಗಳಲ್ಲಿ ನಮ್ಮ ಮೊದಲ ಮಗು ನೇಥನ್ ಹೋದಾಗಲೂ ಇಂಥದ್ದೇ ಉಪವಾಸಗಳು ನಡೆದಿದ್ದವು. ಆಗ ನಮ್ಮ ಮನೆಯ ಉಪವಾಸದಲ್ಲಿ ಏನೋ ಕೊರತೆ ಇದ್ದಿರಬೇಕು. ಈ ಸಲ ದೇವರು ಮೆಚ್ಚಿದ್ದಾನೆ ಎಂದು ಡಮಾರಿಸ್‌ಗೆ ಹೇಳಿದೆ. ಅವಳು ಮಗುವಿನ ಟೋಪಿಯ ದಾರ ಬಿಚ್ಚಿ ಮತ್ತೆ ಕಟ್ಟಿದಳು.

ಮೂರನೇ ತಿಂಗಳು, 26

ನಾಲ್ಕನೇ ಉಪವಾಸ. ಹೊಗೆ ಎಂದಿನ ಹೊತ್ತಿಗೇ. ಡಮಾರಿಸ್ ಬಾವಿಗೆ ಹೋದವಳು ಬರಲು ತಡ ಮಾಡಿದಳು.

ಬೆಳಿಗ್ಗೆ ಇನ್ನೊಂದು ಕಂಡೆ. ನಾವು ಬರುವ ಮೊದಲೇ ಇಲ್ಲಿದ್ದ ನದಿಯಾಚೆಯ ಜನರಲ್ಲಿ ಒಬ್ಬ ಹೆಂಗಸು ಜೋನಮ್ಮನ ಹಿಂಬಾಗಿಲಿಗೆ ಬಂದು ಒಂದು ಬುಟ್ಟಿ ಕೊಟ್ಟು, ನೂಲಿನ ಕಾಲುಚೀಲ ತೆಗೆದುಕೊಂಡು ಹೋದಳು. ಇಬ್ಬರೂ ಏನೋ ಹೇಳಿಕೊಂಡು ನಕ್ಕರು. ಒಬ್ಬರ ಭಾಷೆ ಒಬ್ಬರಿಗೆ ಬಾರದು, ಮತ್ತೆ ನಗು ಎಲ್ಲಿಂದ ಬಂತು? ಬುಟ್ಟಿಯಲ್ಲಿ ಜೋಳವಿತ್ತು. ಒಂಟಿ ಹೆಂಗಸಿಗೆ ಉಗ್ರಾಣದ ತನ್ನ ಪಾಲಿನ ಮೇಲೆ ಅಷ್ಟೊಂದು ಜೋಳ ಯಾಕೆ ಬೇಕು? ಇದೆಲ್ಲ ಒಂದಕ್ಕೊಂದು ಕೂಡಿ ಬರುತ್ತಿದೆ.

ನಾಲ್ಕನೇ ತಿಂಗಳು, 2

ಐದನೇ ಉಪವಾಸ. ಹೊಗೆ. ಡಮಾರಿಸ್ ರೊಟ್ಟಿ ಉಬ್ಬಿಸುವ ಹುಳಿ ಹಿಟ್ಟು ಕೇಳಲು ಹೋಗಿದ್ದಳು.

ಸಂಜೆ ಹಿರಿಯ ಸ್ಟೋಕ್ ಬಂದಿದ್ದರು. ಸಬ್ಬತ್ತಿನ ದಿನ ಸಭಾಮನೆಯಲ್ಲಿ ತೂಕಡಿಸುವವರನ್ನು ಕೋಲಿನಿಂದ ಮುಟ್ಟಿ ಎಬ್ಬಿಸುವುದು, ಉಪವಾಸದ ದಿನ ಬೀದಿ ಸುತ್ತುವುದು ಅವರ ಹೊಣೆ. ಈ ಬೀದಿಯ ಕೊನೆಗೆ ಬರುವಷ್ಟರಲ್ಲಿ ಅವರಿಗೆ ಮಂಡಿ ನೋವು ಶುರುವಾಗುತ್ತದೆ, ಹಾಗಾಗಿ ಜೋನಮ್ಮನ ಮನೆಯ ತನಕ ಬಂದೇ ಇಲ್ಲ.

"ನೀನು ಹೇಳ್ತಿರೋದು ನಿಜಾನಾ ಕೂಟ್? ಐದು ವಾರವೂ?"

"ದಿನ, ಹೊತ್ತು ಎಲ್ಲಾ ಬರೆದಿಟ್ಟಿದೀನಿ."

"ಬರೆದಿದೀಯ? ಭೇಷ್. ಒಂದೂ ಬಿಡಬೇಡ. ಬೆಂಚಿನ ಮೇಲೆ ನಿನ್ನಂಥ ಕಣ್ಣಿರೋರು ಬೇಕು ಕಣಯ್ಯ."

ಇವತ್ತು ತಪ್ಪು ಬರೆಯಲು ಜಾಗ ಉಳಿದಿಲ್ಲ.

ನಾಲ್ಕನೇ ತಿಂಗಳು, 6

ಊಟಕ್ಕೆ ಕೂತಾಗ ಡಮಾರಿಸ್ ತಾನಾಗಿಯೇ ಮಾತು ತೆಗೆದಳು.

"ಜೋನಮ್ಮನ ತಂಟೆಗೆ ಹೋಗ್ಬೇಡಿ. ಅವರು ಯಾರಿಗೂ ಕೆಟ್ಟದ್ದು ಮಾಡಿಲ್ಲ."

"ಅದನ್ನ ಸಭೆ ನೋಡ್ಕೊಳ್ಳುತ್ತೆ."

"ಇನ್ನೊಂದು ಮಾತು. ಮುಂದಿನ ವಾರ ನೀವು ಎದ್ದು ನಿಂತು ನನಗೆ ವಿನಾಯಿತಿ ಕೇಳ್ತೀರಾ?"

ನನಗೆ ಆಶ್ಚರ್ಯವಾಯಿತು. "ಐದು ವಾರ ಗಟ್ಟಿಯಾಗೇ ಇದ್ದೆ, ಮಗು ಗುಂಡುಗುಂಡಗಿದೆ. ಈಗ ಯಾಕೆ? ಈಗ ಕೇಳಿದ್ರೆ ನಾನು ಮೊದ್ಲು ಹೇಳಿದ್ದು ಬರೀ ಜಂಬಕ್ಕೆ ಅನ್ಕೊಳ್ಳಲ್ವಾ ಜನ?"

ಅವಳು ತಟ್ಟೆ ಎತ್ತಿಕೊಂಡು ಎದ್ದಳು. ಆ ಮುದುಕಿ ಇವಳ ಕಿವಿ ಊದುತ್ತಿದ್ದಾಳೆ ಎನ್ನುವುದರಲ್ಲಿ ನನಗೆ ಸಂಶಯವಿಲ್ಲ. ಜಿನುಗುವ ಪೀಪಾಯಿಯ ಪಕ್ಕ ಇಟ್ಟ ಹಲಗೆಯೂ ಒದ್ದೆಯಾಗುತ್ತದೆ.

ನಾಲ್ಕನೇ ತಿಂಗಳು, 9

ಹೊಗೆ. ಡಮಾರಿಸ್ ಹೋಗಬಾರದೆಂದು ಹೇಳಿದ್ದೆ. ನಾನು ಪೀಪಾಯಿಯ ಬಳೆ ಕಾಯಿಸಲು ಕಮ್ಮಾರನಲ್ಲಿಗೆ ಹೋಗಿ ಬರುವಷ್ಟರಲ್ಲಿ ಹೋಗಿ ಬಂದಿದ್ದಳು. ಯಾಕೆಂದು ಕೇಳಿದ್ದಕ್ಕೆ ಆಡು ಬೇಲಿ ಹಾರಿತ್ತು, ಹಿಡಿದು ಕೊಡಲು ಹೋಗಿದ್ದೆ ಅಂದಳು.

ನಾಲ್ಕನೇ ತಿಂಗಳು, 16

ಏಳನೇ ಉಪವಾಸ. ಹೊಗೆ. ಸ್ಟೋಕ್ ಈ ಸಲ ಮಂಡಿ ನೋವನ್ನೂ ಲೆಕ್ಕಿಸದೆ ಬಂದು ಬೇಲಿಯಾಚೆ ನಿಂತು ಕಣ್ಣಾರೆ ನೋಡಿದರು. ಡಮಾರಿಸ್ ಇನ್ನೂ ಒಳಗಿದ್ದಳು, ಮುದುಕಿಗೆ ಕಾಲು ಉಳುಕಿದೆ, ನೀರು ಸೇದಿ ಕೊಡಬೇಕು ಎಂದು ಹೋಗಿದ್ದಳು. ನನ್ನ ಹೆಂಡತಿಯ ಮರುಕದ ಸ್ವಭಾವದ ಬಗ್ಗೆ ಸ್ಟೋಕ್‌ಗೆ ಹೇಳಿದೆ. ಅವರು ಹೂಂ ಅಂದರು.

ದೂರು ಕೊಟ್ಟಾಯಿತು. ಬರುವ ಸಬ್ಬತ್ತಿನಲ್ಲಿ ಜೋನ್ ಪ್ರೌಟ್ ಸಭೆಯ ಮುಂದೆ ನಿಲ್ಲಬೇಕು. ತಪ್ಪೊಪ್ಪಿ ಪಶ್ಚಾತ್ತಾಪ ಪಟ್ಟರೆ ಸರಿ, ಇಲ್ಲದಿದ್ದರೆ ಊರು ಬಿಡಬೇಕು. ಪಾದ್ರಿಗಳು ನನ್ನ ಪುಸ್ತಕವನ್ನೂ ತರಲು ಹೇಳಿದ್ದಾರೆ. ಮೊದಲ ಪುಟದ ಬೆಂಚಿನ ಮಾತನ್ನು ಓದಬೇಕಿಲ್ಲವಷ್ಟೇ.

ನಾಲ್ಕನೇ ತಿಂಗಳು, 20

ನಿನ್ನೆ ಬರೆಯಲು ಆಗಲಿಲ್ಲ. ಇವತ್ತು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಪಾದ್ರಿಗಳ ಪ್ರವಚನ ಮುಗಿದ ಮೇಲೆ ಜೋನಮ್ಮನನ್ನು ಮುಂದೆ ನಿಲ್ಲಿಸಿದರು. ಕಾಲು ಉಳುಕಿದಂತೆ ಕಾಣಲಿಲ್ಲ, ನೆಟ್ಟಗೆ ನಿಂತಿದ್ದಳು.

"ಉಪವಾಸದ ದಿನ ನಿನ್ನ ಒಲೆ ಉರಿದದ್ದು ನಿಜವೇ?" ಪಾದ್ರಿಗಳು ಕೇಳಿದರು.

"ನಿಜ."

"ಗಂಜಿ ಯಾರಿಗೆ?"

"ಬೆಕ್ಕಿಗೆ."

"ನಿನ್ನ ಮನೇಲಿ ಬೆಕ್ಕಿಲ್ಲ" ಎಂದು ಸ್ಟೋಕ್ ಹೇಳಿದರು.

"ಬೆಕ್ಕು ಸಿಗೋ ಮುಂಚೆ ಗಂಜಿ ತಯಾರಿರ್ಲಿ ಅಂತ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಸ್ಟೋಕ್ ಕೋಲು ಕುಟ್ಟಿದರು. ನನ್ನನ್ನು ಕರೆದರು. ನಾನು ಎದ್ದು, ಗಂಟಲು ಸರಿಮಾಡಿಕೊಂಡು ಓದಿದೆ. ನನ್ನ ದನಿ ಚೆನ್ನಾಗಿದೆ ಎಂಬ ಯೋಚನೆಯೂ ಬಂತು ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ತಿಂಗಳ ಐದನೇ ದಿನ, ಮಧ್ಯಾಹ್ನ, ಹೊಗೆ, ಡಮಾರಿಸ್ ಜರಡಿ ಕೊಡಲು ಹೋಗಿದ್ದಳು. ಹನ್ನೆರಡನೇ ದಿನ, ಮಧ್ಯಾಹ್ನ, ಹೊಗೆ, ಡಮಾರಿಸ್ ಮಗುವಿನ ಕಿವಿ ತೋರಿಸಲು ಹೋಗಿದ್ದಳು. ಹತ್ತೊಂಬತ್ತನೇ ದಿನ, ಹೊಗೆ, ಡಮಾರಿಸ್ ಸೂಜಿ ತರಲು ಹೋಗಿದ್ದಳು. ಮಗುವಿನ ಕೆನ್ನೆ ತುಂಬಿದೆ ಎಂಬ ಸಾಲನ್ನೂ ಓದಿಬಿಟ್ಟೆ. ಸಭಾಮನೆಯಲ್ಲಿ ಬೆಂಚುಗಳ ಕಿರುಗುಟ್ಟುವಿಕೆ ನಿಂತಿತ್ತು. ತಲೆ ಎತ್ತಿ ನೋಡಿದರೆ ಯಾರೂ ಜೋನಮ್ಮನನ್ನು ನೋಡುತ್ತಿರಲಿಲ್ಲ. ಎಲ್ಲರೂ ಹೆಂಗಸರ ಸಾಲಿನ ಕಡೆ ನೋಡುತ್ತಿದ್ದರು.

ನನ್ನ ಕೈಬರಹವೇ, ನಾನೇ ದಿನಾ ನೋಡಿದ್ದೇ. ಆದರೂ ಅದು ನನಗೆ ಕೇಳಿಸಿದ್ದು ಆಗಲೇ, ಊರಿನ ಎಲ್ಲರಿಗಿಂತ ಕೊನೆಗೆ.

"ಮುಂದೆ ಓದು" ಎಂದರು ಪಾದ್ರಿಗಳು.

ಓದಿದರೆ ಹೆಂಡತಿ ಸಿಕ್ಕಿಬೀಳುತ್ತಾಳೆ. ಬಿಟ್ಟರೆ ಜೋನಮ್ಮ ಊರು ಬಿಡುತ್ತಾಳೆ. ಇದು ನನ್ನದೇ ತಪ್ಪು, ವಿನಾಯಿತಿ ಕೇಳದವನು ನಾನು ಎಂದು ಹೇಳಬಹುದಿತ್ತು. ಆ ಮಾತು ಬಾಯಿಯ ತನಕ ಬಂದಿತ್ತು. ಖಾಲಿ ಬೆಂಚು ಎದುರಿಗೇ ಇತ್ತು. ನಾನು ಪುಸ್ತಕ ಮುಚ್ಚಿ, "ಉಳಿದದ್ದೂ ಇದೇ ಥರ" ಅಂದೆ. ಜೋನಮ್ಮ ನನ್ನ ಕಡೆ ನೋಡಿದಳು.

ಆಗ ಡಮಾರಿಸ್ ಮಗುವನ್ನು ಎತ್ತಿಕೊಂಡು ಎದ್ದು ನಿಂತಳು.

"ಗಂಜಿ ನನಗೆ. ಏಳು ವಾರವೂ ನಾನೇ ಕುಡಿದೆ. ನೇಥನ್ ಇದ್ದಾಗ ಉಪವಾಸ ಮಾಡಿ ಮಾಡಿ ನನ್ನ ಎದೆಹಾಲು ಬತ್ತಿಹೋಯ್ತು. ಅವನು ಅತ್ತು ಅತ್ತು ಸುಮ್ಮನಾದ. ದೇವರ ಚಿತ್ತ ಅಂದ್ರು ನಮ್ಮನೆಯವರು. ಇದ್ರೂ ಇರಬಹುದು. ಆದ್ರೆ ಅದನ್ನ ಇನ್ನೊಂದ್ಸಲ ಕೂತು ನೋಡೋಕೆ ನನ್ನ ಕೈಲಿ ಆಗ್ಲಿಲ್ಲ. ಜೋನಮ್ಮ ಅದರಲ್ಲಿ ಒಂದು ಚಮಚ ಬಾಯಿಗೆ ಹಾಕ್ಕೊಂಡಿಲ್ಲ. ಉಪವಾಸ ಸರಿಯಾಗಿ ಮಾಡಿದ್ದು ನಮ್ಮ ಬೀದೀಲಿ ಅವರೊಬ್ಬರೇ."

ಪಾದ್ರಿಗಳು ಮುಂದಿದ್ದ ಬೈಬಲ್ ಮುಚ್ಚಿದರು. ಆಮೇಲೆ ಡಮಾರಿಸ್‌ಗೆ ಪಶ್ಚಾತ್ತಾಪ ಪೂರ್ತಿಯಾಗುವ ತನಕ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುವಿನ ಮೇಜಿನಿಂದ ದೂರ ಇರಬೇಕು ಎಂದರು. ಜೋನಮ್ಮನ ಕಡೆ ತಿರುಗಿ, ದನಿ ತಗ್ಗಿಸಿ, "ತಪ್ಪಾಯ್ತು ಅಂತ ಒಂದು ಮಾತು ಹೇಳು. ಇಲ್ಲಿಗೇ ಮುಗಿಸೋಣ" ಎಂದರು. ಅವರಿಗೂ ಇದು ಬೇಕಿರಲಿಲ್ಲ ಎಂದು ಕಾಣುತ್ತದೆ.

"ಹಸಿದ ಬಾಣಂತಿಗೆ ಗಂಜಿ ಕೊಟ್ಟಿದ್ದು ತಪ್ಪು ಅಂತ ಈ ಬಾಯಲ್ಲಿ ಬರಲ್ಲ ಪಾದ್ರಿಗಳೇ. ಬೇರೆ ಏನಾದ್ರೂ ತಪ್ಪು ಹೇಳಿ, ಒಪ್ಕೊಳ್ತೀನಿ. ನಂದು ಬೇಕಾದಷ್ಟಿವೆ."

ಅವಳು ಊರು ಬಿಡಬೇಕು ಎನ್ನುವವರು ಕೈ ಎತ್ತಿ ಎಂದರು. ನಾನು ಎತ್ತಲಿಲ್ಲ. ಬೇಡ ಎನ್ನುವವರು ಎತ್ತಿ ಎಂದರು. ಆಗಲೂ ಎತ್ತಲಿಲ್ಲ. ಅವಳು ಊರು ಬಿಡಬೇಕೆಂದು ಐದು ಕೈಗಳ ಅಂತರದಲ್ಲಿ ತೀರ್ಮಾನವಾಯಿತು.

ಮನೆಗೆ ಬರುವ ದಾರಿಯಲ್ಲಿ ಡಮಾರಿಸ್ ನನ್ನ ಪಕ್ಕದಲ್ಲೇ ನಡೆದಳು. ಬೈದಿದ್ದರೆ ಚೆನ್ನಾಗಿತ್ತು. ನನಗೆ ನಾಚಿಕೆಯಾಗುತ್ತಿದೆ. ಇದನ್ನು ಒಂದು, ಎರಡು ಎಂದು ಎಣಿಸಿ ಬರೆಯಲು ಬರುವುದಿಲ್ಲ.

ನಾಲ್ಕನೇ ತಿಂಗಳು, 24

ಬೆಳಿಗ್ಗೆ ಉಬ್ಬರದ ಹೊತ್ತಿಗೆ ಜೋನಮ್ಮ ದೋಣಿಯಲ್ಲಿ ಹೊರಟಳು. ದಕ್ಷಿಣಕ್ಕೆ ಎರಡು ದಿನದ ದಾರಿಯಲ್ಲಿ ಇನ್ನೊಂದು ಊರಿದೆಯಂತೆ, ಅಲ್ಲಿ ಇಷ್ಟೊಂದು ಪ್ರಶ್ನೆ ಕೇಳುವುದಿಲ್ಲವಂತೆ. ಆಡನ್ನು ಹತ್ತಿಸಲು ಮೂವರು ಬೇಕಾಯಿತು. ದಡಕ್ಕೆ ಬಂದವರು ನಾವು ಮತ್ತು ದೋಣಿಯವನು ಅಷ್ಟೇ.

ನಾನು ಒಂದು ಚಿಕ್ಕ ಪೀಪಾಯಿ ಮಾಡಿಕೊಂಡು ಹೋಗಿದ್ದೆ, ನಾಲ್ಕು ದಿನದಿಂದ ಬೇರೆ ಕೆಲಸ ಮಾಡಿಲ್ಲ. ಅವಳು ಅದನ್ನು ತಿರುಗಿಸಿ ನೋಡಿ, ಬೆರಳಿನಿಂದ ತಟ್ಟಿದಳು.

"ಜಿನುಗಲ್ಲ ತಾನೇ?"

"ಇಲ್ಲ, ಜೋನಮ್ಮ."

"ಸರಿ, ಕೆಲಸ ಬರುತ್ತೆ ನಿನಗೆ."

ನನ್ನನ್ನು ಕ್ಷಮಿಸಿ ಎಂದೆ. ಅವಳಿಗೆ ಕೇಳಿಸಿತೋ ಇಲ್ಲವೋ, ಡಮಾರಿಸ್ ಕಡೆ ತಿರುಗಿ ತನ್ನ ಕಬ್ಬಿಣದ ಪಾತ್ರೆಯನ್ನು ಅವಳ ಕೈಗೆ ಕೊಟ್ಟಳು. "ಇದು ನಿನಗೆ ಕಣೇ. ತಳ ಹಿಡಿಯೋ ಬುದ್ಧಿ ಇದೆ ಇದಕ್ಕೆ, ಕೈಯಾಡಿಸ್ತಾನೇ ಇರಬೇಕು. ಎರಡು ಕೈಯೂ ಮಗು ಮೇಲಿದ್ರೆ, ಮನೇಲಿ ಇನ್ನೆರಡು ಕೈ ಸುಮ್ನೆ ಕೂತಿರುತ್ತಲ್ಲ, ಅದನ್ನ ಕರಿ."

ದೋಣಿ ತಿರುವು ದಾಟುವ ತನಕ ಡಮಾರಿಸ್ ಅಳಲಿಲ್ಲ. ದಾಟಿದ ಮೇಲೆ ಅತ್ತಳು. ನಾನು ಮಗುವನ್ನು ಎತ್ತಿಕೊಂಡೆ. ಇಷ್ಟು ಭಾರವಿದೆ ಎಂದು ಗೊತ್ತಿರಲಿಲ್ಲ.

ನಾಲ್ಕನೇ ತಿಂಗಳು, 26. ಸಬ್ಬತ್

ಸಭಾಮನೆಯಲ್ಲಿ ಎದ್ದು ನಿಂತು ಡಮಾರಿಸ್‌ಗೆ ವಿನಾಯಿತಿ ಕೇಳಿದೆ. ಎಂಟು ವಾರ ತಡವಾಗಿ. ಮೇಜಿನಿಂದ ದೂರವಿರುವವರಿಗೆ ವಿನಾಯಿತಿ ಕೊಡುವ ರೂಢಿಯಿಲ್ಲ ಎಂದರು ಪಾದ್ರಿಗಳು. ಇನ್ನೊಂದು ಸಲ ಕೇಳಿದೆ. ಕೂತುಕೋ ಎಂದು ಸ್ಟೋಕ್ ಕೋಲಿನಿಂದ ಭುಜ ಮುಟ್ಟಿದರು.

ಹಿರಿಯರ ಬೆಂಚಿಗೆ ಬಡಗಿ ಹಾಲ್ಸೆಯನ್ನು ಆರಿಸಿದರು.

ನಾಲ್ಕನೇ ತಿಂಗಳು, 30

ಉಪವಾಸ. ಹಡಗು ಬಂದಿಲ್ಲ.

ಬೆಳಿಗ್ಗೆ ಡಮಾರಿಸ್ ಒಲೆಗೆ ಬೂದಿ ಮುಚ್ಚಲು ಹೋದಳು. ಇರಲಿ ಬಿಡು ಎಂದೆ. ಮಧ್ಯಾಹ್ನ ನಾನೇ ಕೆಂಡ ಕೆದಕಿ, ಪೀಪಾಯಿಯ ಚಕ್ಕೆ ಹಾಕಿ ಹಚ್ಚಿದೆ. ಚಕ್ಕೆ ಹಸಿಯಿದ್ದದ್ದರಿಂದ ಹೊಗೆ ಬಹಳ ಬಂತು. ಜೋನಮ್ಮನ ಪಾತ್ರೆಗೆ ಬಟಾಣಿ, ಜೋಳದ ನುಚ್ಚು, ನೀರು ಹಾಕಿದೆ. ಉಪ್ಪು ಯಾವಾಗ ಹಾಕುವುದು ಎಂದು ಕೇಳಿದ್ದಕ್ಕೆ ಡಮಾರಿಸ್ ಮಗುವಿಗೆ ಹಾಲೂಡಿಸುತ್ತಾ ಕೂತಲ್ಲಿಂದಲೇ "ಆಮೇಲೆ" ಅಂದಳು. ಆ ಸಭೆಯ ದಿನದಿಂದ ಅವಳು ನನಗೆ ಕೊಟ್ಟ ಮೊದಲ ಉತ್ತರ ಅದು.

ಬೇಲಿಯ ಬಳಿ ಕೋಲಿನ ಸದ್ದಾಯಿತು. ನಾನು ಸೌಟು ಹಿಡಿದುಕೊಂಡೇ ಬಾಗಿಲಿಗೆ ಹೋದೆ. ಸ್ಟೋಕ್ ನಮ್ಮ ಚಿಮಣಿ ನೋಡುತ್ತಾ ನಿಂತಿದ್ದರು.

"ಕೂಟ್, ನಿನ್ನ ಮನೇಲಿ ಹೊಗೆ."

"ಹೌದು."

"ಒಲೆ ಮೇಲೆ ಏನಿದೆ?"

"ಪಾತ್ರೆ" ಎಂದೆ.

ಅವರು ಇನ್ನೂ ಏನೋ ಕೇಳುತ್ತಿದ್ದರು. ಗಂಜಿ ತಳ ಹಿಡಿಯುವ ವಾಸನೆ ಬಂತು, ಒಳಗೆ ಬಂದು ಕೈಯಾಡಿಸಿದೆ.